ತುಂಟಿಗೆ ಸಿಹಿ ಕೊಡಬಾರದು

ಲಗಾಮಣ್ಣನ ಬಲಮಂಡಿ ಊದಿಕೊಂಡು ಸೋರೆಬುರುಡೆಯಷ್ಟಾದ ವರ್ಷ, ಸೊಸೆಯನ್ನು ಲಾಯಕ್ಕೆ ಕರೆದುಕೊಂಡು ಹೋಗಿ ಬಿಟ್ಟವನು ಸ್ವತಃ ಅವನೇ. ಇದನ್ನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡು ಹಲ್ಲು ಕಡಿದ. ಯಾರೋ ಬಂದು ಕಿತ್ತುಕೊಂಡಿದ್ದರೆ ಅವರನ್ನು ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ತಾನೇ ಮುಂದೆ ನಿಂತು ಕೊಟ್ಟದ್ದಕ್ಕೆ ಯಾರನ್ನು ಬೈಯುವುದು?

ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಸವಾರಿ ಶಾಲೆಯ ಲಾಯದಲ್ಲಿ ಮೂವತ್ತೊಂದು ವರ್ಷ ದುಡಿದವನು, ಯಾವಾಗ ನೋಡಿದರೂ ಹೆಗಲ ಮೇಲೊಂದು ಲಗಾಮು ನೇತಾಡುತ್ತಿತ್ತು, ಆದ್ದರಿಂದ ಎಲ್ಲರ ಬಾಯಲ್ಲಿ ಲಗಾಮಣ್ಣ. ಒಂದು ಸಲ ಮರೆತು ಹಾಗೇ ಬಸ್ಸು ಹತ್ತಿ ಮನೆಗೂ ಬಂದುಬಿಟ್ಟಿದ್ದ. ಹೆಂಡತಿ ಬಾಗಿಲಲ್ಲೇ ತಡೆದು, "ಇದನ್ನ ಯಾರ ಬಾಯಿಗೆ ಹಾಕೋದಕ್ಕೆ ತಂದ್ರಿ?" ಎಂದು ಕೇಳಿದ್ದಳು.

ಶಾಲೆಯಲ್ಲಿ ಹದಿನಾಲ್ಕು ಕುದುರೆಗಳು. ಇಟ್ಟಿಗೆ ಹಾಸಿದ ಅಂಗಳ, ಅದರ ಎರಡು ಬದಿಗೆ ತಗಡಿನ ಮಾಡಿನ ಲಾಯ, ಮೂಲೆಯಲ್ಲಿ ಕಾಳಿನ ಕೋಣೆ, ಅದರ ಪಕ್ಕದಲ್ಲಿ ಜೀನು ಲಗಾಮುಗಳನ್ನಿಡುವ ಕೋಣೆ. ಹದಿನಾಲ್ಕರಲ್ಲಿ ಹದಿಮೂರು ಶಾಲೆಯವು. ಒಂದು ಮಾತ್ರ ತನ್ನದು ಎಂದು ಲಗಾಮಣ್ಣ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದ. ಅದು ತುಂಟಿ. ಕಂದು ಮೈಯ ಹೆಣ್ಣು ಕುದುರೆ. ನಾಲ್ಕು ವರ್ಷದವಳಾಗಿದ್ದಾಗ ಬಂದಳು, ಬಂದ ಮೊದಲ ವಾರವೇ ಮೂವರನ್ನು ಕಚ್ಚಿದಳು. ಆ ಮೂವರಲ್ಲಿ ಲಗಾಮಣ್ಣ ಇರಲಿಲ್ಲ. ಅಷ್ಟು ಸಾಕಾಯಿತು ಅವನಿಗೆ, ಇಪ್ಪತ್ತೆರಡು ವರ್ಷ ಅದನ್ನೇ ಹೇಳಿಕೊಂಡು ತಿರುಗಿದ. ಈಗ ಅವಳಿಗೆ ಇಪ್ಪತ್ತಾರು. ಬೆನ್ನು ತಗ್ಗಾಗಿದೆ, ಕಣ್ಣಿನ ಮೇಲೆ ಗುಳಿ ಬಿದ್ದಿದೆ, ಹಲ್ಲು ಸವೆದಿದೆ. ಹೆಸರು ಮಾತ್ರ ಇನ್ನೂ ತುಂಟಿ.

ಮಂಡಿ ಕೈಕೊಟ್ಟದ್ದು ಹುಲ್ಲಿನ ಕಟ್ಟು ಎತ್ತುವಾಗ. ಡಾಕ್ಟರು ಸೂಜಿ ಹಾಕಿ ಮಂಡಿಯಿಂದ ನೀರು ತೆಗೆದು, ಮೂರು ತಿಂಗಳು ಭಾರ ಎತ್ತುವಂತಿಲ್ಲ ಎಂದರು. ಶಾಲೆಯ ಯಜಮಾನಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಆಕೆ, "ಅಲ್ಲಿವರೆಗೆ ಯಾರನ್ನಾದರೂ ಹುಡುಕಬೇಕಲ್ಲ ಲಗಾಮಣ್ಣ" ಎಂದಾಗ, ಅವನಿಗೆ ಹೊಳೆದದ್ದು ಸೊಸೆ. ಮಗ ಲಾರಿ ಓಡಿಸುವವನು, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು, ಅದು ಮುಚ್ಚಿ ಎರಡು ತಿಂಗಳಾಗಿತ್ತು. ಮಾತು ಕಡಿಮೆ, ಕಣ್ಣು ಜಾಸ್ತಿ ಎನ್ನುವಂಥ ಹೆಣ್ಣು. ಕುದುರೆಯನ್ನು ಹತ್ತಿರದಿಂದ ಕಂಡವಳೇ ಅಲ್ಲ.

ಅವನ ಲೆಕ್ಕಾಚಾರ ಬೇರೆಯೇ ಇತ್ತು. ಹೊರಗಿನವರನ್ನು ಇಟ್ಟರೆ ತಳ ಊರಿಬಿಡುತ್ತಾರೆ. ಇವಳಾದರೆ ಹತ್ತು ದಿನಕ್ಕೆ ಸುಸ್ತಾಗಿ ಕೂರುತ್ತಾಳೆ, ಆಗ ಮೇಡಂಗೆ ಲಗಾಮಣ್ಣನ ಬೆಲೆ ಗೊತ್ತಾಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇಷ್ಟಕ್ಕೇ ಬಿಡಲಿಲ್ಲ ಅವನು. ಯಾವ ಕುದುರೆಗೆ ಎಷ್ಟು ಹುಲ್ಲು, ಯಾವುದು ಒದೆಯುತ್ತದೆ, ಎಲ್ಲ ಹೇಳಿಕೊಟ್ಟ. ತುಂಟಿಯ ಎಡಗಿವಿ ಮುಟ್ಟಿದರೆ ಕಚ್ಚುತ್ತಾಳೆ ಅನ್ನೋ ಒಂದು ಮಾತನ್ನು ಮಾತ್ರ ನುಂಗಿಕೊಂಡ.

ಮೊದಲ ದಿನ ಕಾಲು ಚಾಚಿಕೊಂಡು ಮನೆಯಲ್ಲಿ ಕೂತು, ಸಂಜೆಯ ಹೊತ್ತಿಗೆ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಬರುವ ಸೊಸೆಯ ದಾರಿ ಕಾದ. ಬಂದಳು. ಕೈ ಎರಡೂ ನೆಟ್ಟಗಿದ್ದವು. ಚಪ್ಪಲಿ ಬಿಡುತ್ತಾ, "ಮಾವ, ತುಂಟಿ ಎಡಗಿವಿ ಒಳಗೆ ಒಂದು ಹಳೇ ಗಾಯದ ಗಂಟಿದೆ ಅಲ್ವಾ? ಕಿವಿ ಹತ್ತಿರ ಕೈ ತಗೊಂಡು ಹೋದಾಗೆಲ್ಲ ಕಣ್ಣು ಬಿಗಿ ಮಾಡ್ತಿದ್ಲು. ಒಂದು ಬಟ್ಟೆ ಒದ್ದೆ ಮಾಡಿ ನಿಧಾನಕ್ಕೆ ಒರೆಸಿದೆ, ನಿಂತ್ಕೊಂಡ್ಲು" ಎಂದಳು.

ಇಪ್ಪತ್ತೆರಡು ವರ್ಷ ಆ ಕಿವಿಯಿಂದ ದೂರವಿದ್ದವನಿಗೆ ಅದರೊಳಗೆ ಗಂಟಿರುವುದು ಗೊತ್ತಿರಲಿಲ್ಲ. "ಹೂಂ, ಇದೆ" ಎಂದ. ಸೊಸೆ ಒಳಗೆ ಹೋದ ಮೇಲೆ ಹೊಟ್ಟೆಯೊಳಗೆ ಯಾರೋ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಮೂರು ತಿಂಗಳು ಕಳೆಯಿತು. ಹತ್ತು ದಿನಕ್ಕೆ ಸುಸ್ತಾಗಬೇಕಾದವಳು ಸುಸ್ತಾಗಲಿಲ್ಲ. ಬೆಳಿಗ್ಗೆ ಐದೂವರೆಯ ಬಸ್ಸಿಗೆ ಹೋಗುವಳು, ಮೈಯೆಲ್ಲ ಹೊಟ್ಟು ಮೆತ್ತಿಕೊಂಡು ಬರುವಳು, ನಗುತ್ತಾ ಬರುವಳು. ಲಗಾಮಣ್ಣನ ಮಂಡಿ ಅರ್ಧ ವಾಸಿಯಾಯಿತು, ಪೂರ್ತಿ ಆಗಲಿಲ್ಲ. ಮೇಡಂ ಅವನನ್ನು ಕರೆದು ಕೂರಿಸಿ, "ಇನ್ನು ನೀವು ಕಷ್ಟಪಡಬೇಡಿ. ವಾರಕ್ಕೆ ಮೂರು ದಿನ ಬಂದು ಜೀನು, ಪಟ್ಟಿಗಳಿಗೆ ಎಣ್ಣೆ ಹಚ್ಚಿಕೊಡಿ. ಲಾಯ ನಿಮ್ಮ ಸೊಸೆ ನೋಡ್ಕೊಳ್ಳಲಿ. ನೀವೇ ತಯಾರು ಮಾಡಿದ ಹುಡುಗಿ ಅಲ್ವಾ?" ಎಂದರು. ಹೊಗಳಿಕೆಯ ಮಾತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಜೀನಿನ ಕೋಣೆಯಲ್ಲಿ ಒಂದು ಸ್ಟೂಲು, ಮುಂದೆ ಒಂದು ಕಿಟಕಿ. ಕಿಟಕಿಯಿಂದ ನೇರಕ್ಕೆ ಕಾಣುವುದು ಲಾಯದಲ್ಲಿ ತುಂಟಿಯನ್ನು ನಿಲ್ಲಿಸುವ ಗೂಡು. ಬೇರೆ ಕಡೆ ಮುಖ ಮಾಡಿ ಕೂರಬಹುದಿತ್ತು. ಕೂರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾ, ಕೈಯಲ್ಲಿ ಚರ್ಮದ ಪಟ್ಟಿಗೆ ಎಣ್ಣೆ ತಿಕ್ಕುತ್ತಾ ಕೂತ. ಸೊಸೆ ಮೈ ಉಜ್ಜುವಾಗ ಬ್ರಶ್ಶನ್ನು ತಪ್ಪಾಗಿ ಹಿಡಿಯುತ್ತಾಳೆಯೇ ಎಂದು ನೋಡಿದ. ಹಿಡಿಯುತ್ತಿರಲಿಲ್ಲ. ಒಂದು ದಿನ ಅವಳು ಬಗ್ಗಿ ಮುಂಗಾಲು ಉಜ್ಜುತ್ತಿದ್ದಾಗ ತುಂಟಿ ಕತ್ತು ಇಳಿಸಿ, ಗದ್ದವನ್ನು ಅವಳ ಬೆನ್ನ ಮೇಲಿಟ್ಟು ಕಣ್ಣು ಮುಚ್ಚಿದಳು. ಅವಳು ಕೆಲಸ ನಿಲ್ಲಿಸದೆ ಹಾಗೇ ಭಾರ ಹೊತ್ತು ನಿಂತಳು. ತನ್ನ ಬೆನ್ನ ಮೇಲೆ ತುಂಟಿ ಎಂದಾದರೂ ಹಾಗೆ ಗದ್ದ ಇಟ್ಟಿದ್ದಳೇ? ಲಗಾಮಣ್ಣ ವರ್ಷಗಳನ್ನು ಹಿಂದಕ್ಕೆ ಕೆದಕಿ ನೋಡಿದ. ಜೇಬಿಗೆ ಮೂತಿ ಹಾಕಿದ್ದು ನೆನಪಾಯಿತು, ಟೋಪಿ ಕಿತ್ತೆಸೆದದ್ದು ನೆನಪಾಯಿತು. ಬೆನ್ನ ಮೇಲೆ ಗದ್ದ ಇಟ್ಟದ್ದು ನೆನಪಾಗಲಿಲ್ಲ. ಅವತ್ತು ಒಂದೇ ಪಟ್ಟಿಗೆ ಮೂರು ಸಲ ಎಣ್ಣೆ ಹಚ್ಚಿದ.

ಮನೆಯಲ್ಲೂ ಬಿಡುವಿರಲಿಲ್ಲ. ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುವವಳು, ಪಕ್ಕದ ಬೀದಿಯವರೆಲ್ಲ ಪ್ಯಾಂಟಿನ ಅಂಚು ಮಡಿಸೋದಕ್ಕೆ ಅವಳ ಹತ್ತಿರವೇ ಬರುತ್ತಿದ್ದರು. ಅತ್ತೆ ಮಿಷನ್ನಿನ ಮುಂದೆ, ಸೊಸೆ ಪಕ್ಕದಲ್ಲಿ ನೆಲದ ಮೇಲೆ, ಸಂಜೆಯಾದರೆ ಇಬ್ಬರ ನಡುವೆ ತುಂಟಿಯ ಮಾತು. ಹೆಂಡತಿ ಕಿವಿ ನೆಟ್ಟಗೆ ಮಾಡಿ ಕೇಳುತ್ತಿದ್ದಳು, ಬಿದ್ದು ಬಿದ್ದು ನಗುತ್ತಿದ್ದಳು. ಲಗಾಮಣ್ಣ ಮೂವತ್ತೊಂದು ವರ್ಷ ಇದೇ ಲಾಯದ ಸುದ್ದಿ ಹೇಳಿದಾಗ ಅವಳು ಒಂದು ಸಲವಾದರೂ ಮಿಷನ್ ನಿಲ್ಲಿಸಿದ್ದಿಲ್ಲ.

"ಅದರಲ್ಲೇನಿದೆ ದೊಡ್ಡ ವಿಷಯ" ಎಂದು ಅವನು ಗೊಣಗಿದರೆ ಹೆಂಡತಿ ದಾರ ಕಡಿಯುತ್ತಾ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಮ್ಮನೇಲಿ ಆ ಗಾದೆ ನನ್ನ ಬಿಟ್ಟು ನಿಮ್ಮನ್ನ ಹಿಡ್ಕೊಂಡಿದೆ" ಎಂದಳು. ಸೊಸೆ ನಗು ತಡೆಯಲು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಬೇಸಿಗೆ ಶುರುವಾಯಿತು. ಬೇರೆ ಕುದುರೆಗಳೆಲ್ಲ ಚಳಿಗಾಲದ ಕೂದಲು ಉದುರಿಸಿ ನುಣ್ಣಗಾದವು. ತುಂಟಿಯ ಮೈಮೇಲೆ ಮಾತ್ರ ಕಂಬಳಿಯಂಥ ಕೂದಲು ಹಾಗೇ ಉಳಿಯಿತು. ನೀರು ಜಾಸ್ತಿ ಕುಡಿಯುತ್ತಾಳೆ ಎಂದು ಸೊಸೆ ಗುರುತಿಸಿದಳು, ದಿನಕ್ಕೆ ಎಷ್ಟು ಬಕೆಟ್ಟು ಎಂದು ಎಣಿಸಿ ಮೇಡಂಗೆ ಹೇಳಿದಳು. ಲಗಾಮಣ್ಣ ಕಿಟಕಿಯಿಂದಲೇ, "ಮುದುಕಿಗೆ ಚಳಿ, ಅದಕ್ಕೇ ಕೂದಲು ಇಟ್ಕೊಂಡಿದ್ದಾಳೆ. ಬಾಯಾರಿದ್ರೆ ನೀರು ಕುಡೀತಾಳೆ. ಇದಕ್ಕೆಲ್ಲ ಡಾಕ್ಟ್ರು ಬೇಕಾ?" ಎಂದ. ಡಾಕ್ಟರು ಬಂದೇ ಬಂದರು. ನಡುವಯಸ್ಸಿನ ಹೆಂಗಸು, ಕುದುರೆಗಳನ್ನೇ ನೋಡುವ ಡಾಕ್ಟರು. ಕತ್ತಿನಿಂದ ರಕ್ತ ತೆಗೆದುಕೊಂಡು ಹೋಗಿ, ಮುಂದಿನ ವಾರ ಫಲಿತಾಂಶದ ಕಾಗದ ಹಿಡಿದು ಬಂದರು. ಅಂಗಳದಲ್ಲಿ ನಿಂತು ಮೇಡಂಗೂ ಸೊಸೆಗೂ ವಿವರಿಸಿದರು. ಲಗಾಮಣ್ಣನೂ ಎಣ್ಣೆ ಬಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತ.

"ವಯಸ್ಸಾದ ಕುದುರೆ ಮೈಯಲ್ಲಿ ಒಂದು ಸಣ್ಣ ಉರಿಯೂತ ಯಾವಾಗಲೂ ಇರುತ್ತೆ. ಬೂದಿ ಮುಚ್ಚಿದ ಕೆಂಡದ ಹಾಗೆ. ಹೊರಗೆ ಕಾಣಲ್ಲ, ಆರೋದೂ ಇಲ್ಲ. ಗಾಯ ಇಲ್ಲ, ಜ್ವರ ಇಲ್ಲ, ಆದರೂ ಒಳಗೊಳಗೇ ಬೇಯ್ತಾ ಇರುತ್ತೆ. ಇವಳಿಗೆ ಅದರ ಜೊತೆಗೆ ಮುದಿ ಕುದುರೆಗಳಿಗೆ ಬರೋ ಗ್ರಂಥಿ ಕಾಯಿಲೆಯೂ ಶುರುವಾಗಿದೆ, ಕೂದಲು ಉದುರದೆ ಇರೋದು ಅದಕ್ಕೇ. ಮಾತ್ರೆ ಕೊಡ್ತೀನಿ. ಆದರೆ ಮುಖ್ಯವಾದದ್ದು ಊಟ. ಸಿಹಿ ಅನ್ನೋದು ಇವಳ ಹತ್ತಿರ ಸುಳೀಬಾರದು. ಸಕ್ಕರೆ ಹೆಚ್ಚಾದರೆ ಆ ಉರಿ ಹೋಗಿ ಗೊರಸಿನ ಒಳಗೆ ಕೂತ್ಕೊಳ್ಳುತ್ತೆ. ಆಮೇಲೆ ಕುದುರೆ ನಿಲ್ಲೋದೇ ಕಷ್ಟ. ಹುಲ್ಲನ್ನೂ ನೀರಲ್ಲಿ ನೆನೆಸಿ, ಅದರ ಸಿಹಿ ಹೋದ ಮೇಲೆ ಹಾಕಿ."

ಸೊಸೆ ಆವತ್ತೇ ಗೂಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಳು: ತುಂಟಿಗೆ ಸಿಹಿ ಕೊಡಬಾರದು.

ಸವಾರಿ ಕಲಿಯಲು ಬರುವ ಮಕ್ಕಳಿಗೆ ಬರೆದದ್ದು ಅದು. ಲಗಾಮಣ್ಣನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಯಾಕೆಂದರೆ ತುಂಟಿಗೆ ದಿನಾ ಒಂದು ಸಕ್ಕರೆ ಅಚ್ಚು ತಿನ್ನಿಸುತ್ತಿದ್ದವನು ಅವನು. ಅಂಗಿಯ ಜೇಬಿನಲ್ಲಿಟ್ಟುಕೊಂಡು ಬರುವನು, ಅವಳು ಮೂತಿ ಹಾಕಿ ಹುಡುಕುವಳು. ಎಂಟು ಸಾವಿರ ದಿನ ನಡೆದ ವ್ಯವಹಾರ. ಒಂದು ಹನಿ ರಕ್ತ ಬಂದು ಅದನ್ನು ತಪ್ಪು ಎಂದಿತು.

ಒಂದು ವಾರ ಪ್ರಾಮಾಣಿಕವಾಗಿ ಸುಮ್ಮನಿದ್ದ. ಬರಿಗೈಯಲ್ಲಿ ಗೂಡಿನ ಮುಂದೆ ನಿಂತ. ತುಂಟಿ ಬಂದಳು, ಜೇಬು ಮೂಸಿದಳು, ಇನ್ನೊಂದು ಜೇಬು ಮೂಸಿದಳು, ಮೂಗಿನಿಂದ ಉಸ್ಸೆಂದು ಗಾಳಿ ಬಿಟ್ಟು ತಿರುಗಿದಳು. ಅಷ್ಟರಲ್ಲಿ ಸೊಸೆ ನೆನೆಸಿದ ಹುಲ್ಲು ಹೊತ್ತುಕೊಂಡು ಅಂಗಳಕ್ಕೆ ಕಾಲಿಟ್ಟಳು. ಅವಳ ಹೆಜ್ಜೆಯ ಸಪ್ಪಳಕ್ಕೇ ತುಂಟಿ ಕೆನೆದಳು. ಸಪ್ಪೆ ಹುಲ್ಲು ತರುವವಳನ್ನು ಕಂಡು ಕೆನೆದಳು. ಸಕ್ಕರೆ ಕೊಟ್ಟವನ ಕಡೆ ಬಾಲ ತಿರುಗಿಸಿ ನಿಂತಳು.

ಮರುದಿನ ಮಧ್ಯಾಹ್ನ ಸೊಸೆ ಊಟಕ್ಕೆ ಹೋದಾಗ ಲಗಾಮಣ್ಣ ಒಂದು ಅಚ್ಚು ಕೊಟ್ಟ. ಒಂದು ಅಚ್ಚಿಗೆ ಏನಾಗುತ್ತದೆ? ಏನೂ ಆಗಲಿಲ್ಲ. ಮುಂದಿನ ಸಲ ಎರಡು. ಆಮೇಲೆ ಜೇಬಿನ ಸಕ್ಕರೆಯೂ ಸಾಲದು ಎನ್ನಿಸಿತು. ಹೆಚ್ಚು ಓಡುವ ಎಳೆ ಕುದುರೆಗಳಿಗೆಂದು ಕಾಕಂಬಿ ಕಲೆಸಿದ ಕಾಳು ಬರುತ್ತಿತ್ತು, ಅಂಟಂಟಾಗಿ, ಮೂಗಿಗೆ ಹಿಡಿಯುವಂಥ ಸಿಹಿ ವಾಸನೆ. ಕಾಳಿನ ಕೋಣೆಯ ಬೀಗದ ಕೈ ಸೊಸೆಯ ಹತ್ತಿರ. ಆದರೆ ಜೀನಿನ ಕೋಣೆಗೂ ಅದಕ್ಕೂ ನಡುವೆ ಒಂದು ಹಳೆ ಬಾಗಿಲಿತ್ತು, ಮೇಲಕ್ಕೆತ್ತಿ ತಳ್ಳಿದರೆ ಚಿಲಕ ಬಿಡುತ್ತಿತ್ತು. ಅದು ಗೊತ್ತಿದ್ದವನು ಲಗಾಮಣ್ಣ ಒಬ್ಬನೇ. ಒಂದು ಮುಷ್ಟಿ ತಂದ. ತುಂಟಿ ಅವನ ಅಂಗೈಯನ್ನು ಕೊನೆಯ ಕಾಳಿನವರೆಗೆ ನೆಕ್ಕಿದಳು. ಆಮೇಲೂ ನೆಕ್ಕುತ್ತಲೇ ಇದ್ದಳು.

ಹತ್ತು ದಿನದೊಳಗೆ ತುಂಟಿ ಅವನನ್ನು ಕಂಡರೆ ಬಾಗಿಲು ಒದೆಯತೊಡಗಿದಳು, ಕತ್ತು ಚಾಚಿ ಕೆನೆಯತೊಡಗಿದಳು. ಲಗಾಮಣ್ಣನ ಎದೆ ಇನ್ನೆರಡು ಬೆರಳು ಹೆಚ್ಚು ಅಗಲವಾಯಿತು. ಸೊಸೆ ಪಕ್ಕದಲ್ಲೇ ಇದ್ದಾಗ, ಅವಳನ್ನು ದಾಟಿ ತುಂಟಿ ತನ್ನ ಕಡೆ ಬಂದ ದಿನ ತಡೆಯಲಾರದೆ, "ನೋಡಿದ್ಯಾ? ಯಾರನ್ನ ಕಂಡ್ರೆ ಕೂಗ್ತಾಳೆ ಅಂತ?" ಎಂದುಬಿಟ್ಟ.

ಸೊಸೆಯ ಮುಖ ಅರಳಿತು. "ಹೌದು ಮಾವ. ನಿಮ್ಮನ್ನ ಮರೆತೇಬಿಟ್ಲೇನೋ ಅಂತ ನನಗೇ ಒಂಥರಾ ಆಗ್ತಿತ್ತು. ಪಾಪ, ಹಳೇ ಋಣ ಅಲ್ವಾ?" ಎಂದಳು.

ಅವಳು ಸೋತ ಮುಖ ಮಾಡಿದ್ದರೆ ಅವನ ಆಟ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಗೆದ್ದವನಿಗೆ ಗೆದ್ದ ರುಚಿಯೇ ಸಿಗದ ಹಾಗೆ ಮಾಡಿಬಿಟ್ಟಳು. ಆ ವಾರ ಅವನು ದಿನಕ್ಕೆ ನಾಲ್ಕು ಮುಷ್ಟಿ ಕಾಳು ಕೊಟ್ಟ. ತನ್ನ ಪಾಳಿ ಇಲ್ಲದ ದಿನವೂ, ಮನೆಯಲ್ಲಿ ಬೇಜಾರು ಎಂದು ಹೇಳಿ ಬಂದು ಕೊಟ್ಟ.

ಒಂದು ಗುರುವಾರ ಬೆಳಿಗ್ಗೆ ಅವನು ಲಾಯಕ್ಕೆ ಬಂದಾಗ ಅಂಗಳದಲ್ಲಿ ಡಾಕ್ಟರ ಗಾಡಿ ನಿಂತಿತ್ತು. ತುಂಟಿ ಗೂಡಿನ ನಡುವೆ ವಿಚಿತ್ರವಾಗಿ ನಿಂತಿದ್ದಳು. ಮುಂಗಾಲೆರಡನ್ನೂ ಮುಂದಕ್ಕೆ ಚಾಚಿ, ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಬಿಸಿ ಹಂಚಿನ ಮೇಲೆ ಕಾಲಿಟ್ಟವರು ಹಿಂದಕ್ಕೆ ವಾಲುವ ಹಾಗೆ. ಮೈಯೆಲ್ಲ ಬೆವರು. ಮೂಗಿನ ಹೊಳ್ಳೆ ಅಗಲವಾಗಿತ್ತು. ಲಗಾಮಣ್ಣನನ್ನು ಕಂಡು ಕೆನೆಯಲಿಲ್ಲ, ಕಿವಿ ಕೂಡ ತಿರುಗಿಸಲಿಲ್ಲ.

ಡಾಕ್ಟರು ಬಗ್ಗಿ ಗೊರಸಿನ ಮೇಲೆ ಅಂಗೈ ಇಟ್ಟು, ಗೊರಸಿನ ಮೇಲಿನ ಗೆಣ್ಣಿಗೆ ಎರಡು ಬೆರಳು ಒತ್ತಿ ಹಿಡಿದರು. "ಕೈ ಇಟ್ಟು ನೋಡಿ, ನಾಡಿ ಹೇಗೆ ಹೊಡೀತಾ ಇದೆ. ಗೊರಸಿನೊಳಗೆ ಪೂರ್ತಿ ಉರಿಯೂತ. ಬಾವು ಬಂದ್ರೆ ಚರ್ಮ ಹಿಗ್ಗುತ್ತೆ, ಗೊರಸು ಹಿಗ್ಗಲ್ಲ. ಒಳಗಿನ ನೋವಿಗೆ ಹೋಗೋದಕ್ಕೆ ಜಾಗವೇ ಇಲ್ಲ." ಆಮೇಲೆ ತಲೆ ಎತ್ತಿ ಸೊಸೆಯನ್ನು ಕೇಳಿದರು, "ಏನು ತಿಂದಿದ್ದಾಳೆ?"

"ನೆನೆಸಿದ ಹುಲ್ಲು ಬಿಟ್ರೆ ಬೇರೇನೂ ಇಲ್ಲ ಡಾಕ್ಟ್ರೇ. ದಿನಾ ತೂಗಿ ಹಾಕ್ತೀನಿ, ಬರೆದಿಟ್ಟಿದ್ದೀನಿ."

"ಸಾಧ್ಯವೇ ಇಲ್ಲ. ಸಿಹಿ ಹೊಟ್ಟೆಗೆ ಹೋಗಿದೆ."

ಮೇಡಂ ಕಾಳಿನ ಕೋಣೆಗೆ ಹೋಗಿ ಡಬ್ಬ ತೆಗೆದು ನೋಡಿ ಬಂದರು. ಸಿಹಿಕಾಳು ಅರ್ಧಕ್ಕಿಂತ ಕೆಳಗಿಳಿದಿತ್ತು. ಬೀಗದ ಕೈ ಒಂದೇ, ಅದು ಸೊಸೆಯ ಸೊಂಟದಲ್ಲಿ. ಮೇಡಂ ಕಿರುಚುವ ಪೈಕಿ ಅಲ್ಲ. ತಣ್ಣಗೆ ಹೇಳಿದರು: "ಬಾಗಿಲು ತೆರೆದಿಟ್ಟು ಹೋಗಿದ್ದೀಯೋ, ಡಬ್ಬ ಬದಲಾಯ್ತೋ, ನಿನಗೇ ಗೊತ್ತು. ಸೋಮವಾರದಿಂದ ಬೇರೆಯವರನ್ನ ನೋಡ್ತೀನಿ. ಅಲ್ಲಿವರೆಗೆ ಇವಳ ಕಾಲು ನೋಡ್ಕೋ."

ಲಗಾಮಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಜೀನಿನ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತ. ಸೊಸೆ ಐಸು ಹಾಕಿದ ಬಕೆಟ್ಟುಗಳಲ್ಲಿ ತುಂಟಿಯ ಮುಂಗಾಲುಗಳನ್ನು ಇಳಿಸಿ, ನೆಲದಲ್ಲಿ ಕೂತು, ಕರಗಿದ ಹಾಗೆಲ್ಲ ಮತ್ತೆ ಐಸು ಹಾಕುತ್ತಿದ್ದಳು. ಅವಳ ಕೈ ಕೆಂಪಗಾಗಿ ಮರಗಟ್ಟಿದ್ದು ಕಿಟಕಿಯಿಂದಲೇ ಕಾಣುತ್ತಿತ್ತು.

ಅವತ್ತು ಮನೆಯಲ್ಲಿ ಸೊಸೆ ಊಟ ಮಾಡಲಿಲ್ಲ. ತಾನು ಹುಲ್ಲು ತೂಗಿ ಬರೆದಿಟ್ಟ ಪುಸ್ತಕವನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿಕೊಂಡು ಒಂದೊಂದು ದಿನವನ್ನೂ ಬೆರಳಿಟ್ಟು ಓದಿದಳು. ಕೊನೆಗೆ ಪುಸ್ತಕವನ್ನು ಅವನ ಕಡೆ ತಿರುಗಿಸಿ, "ಮಾವ, ನೀವೇ ನೋಡಿ ಹೇಳಿ. ನಾನು ಎಲ್ಲಿ ತಪ್ಪಿದೆ?" ಎಂದಳು.

ಲಗಾಮಣ್ಣನಿಗೆ ಆಮೇಲೆ ನೆನೆಸಿಕೊಂಡಾಗೆಲ್ಲ ಮೈ ನಾಚಿಕೆಯಿಂದ ಹಿಡಿಯಾಗುತ್ತಿದ್ದ ಗಳಿಗೆ ಅದು. ಯಾಕೆಂದರೆ ಆ ಮಾತು ಕೇಳಿ ಮೊದಲು ಆದದ್ದು ಸಂತೋಷ. ಒಂದೇ ಚಣ. ಕೊನೆಗೂ ಇವಳು ನನ್ನ ಹತ್ತಿರ ಬಂದು ಕೇಳಿದಳು, ಎಂದು. ಆ ಸಂತೋಷದ ಬಾಲ ಹಿಡಿದುಕೊಂಡು ಹೇಸಿಗೆ ಬಂತು. ಪುಸ್ತಕದ ಮೇಲೆ ಕಣ್ಣಾಡಿಸಿದ ಹಾಗೆ ಮಾಡಿ, "ನೋಡೋಣ" ಎಂದು ಎದ್ದುಹೋದ.

ಮರುದಿನ ಮಧ್ಯಾಹ್ನ ಅವನ ಹೆಂಡತಿ ಒಗೆಯುವ ಮುಂಚೆ ಅವನ ಪ್ಯಾಂಟಿನ ಜೇಬು ತಿರುವಿ ನೋಡಿದಳು. ಹೊಲಿಗೆ ಬಿಚ್ಚಿದ್ದ ಮೂಲೆಯಲ್ಲಿ ಅಂಟಂಟಾದ ಕಾಳುಗಳು ಬಟ್ಟೆಗೆ ಕಚ್ಚಿಕೊಂಡಿದ್ದವು. ಒಂದನ್ನು ಕಿತ್ತು ಮೂಸಿದಳು. ಸೊಸೆ ಬಾಯಿಂದ ಆ ಕಾಳಿನ ಸುದ್ದಿ ಹಿಂದಿನ ದಿನವಷ್ಟೇ ಕೇಳಿದ್ದಳಲ್ಲ. ಪ್ಯಾಂಟನ್ನು ಹಾಗೇ ಹಿಡಿದುಕೊಂಡು ಬಂದು, ಕಿಟಕಿಯ ಹತ್ತಿರ ಕೂತಿದ್ದ ಗಂಡನ ತೊಡೆಯ ಮೇಲೆ ಇಟ್ಟಳು.

"ಏನಿದು?"

ಅವಳು ಎದುರಿನ ಕುರ್ಚಿಯಲ್ಲಿ ಕೂತಳು.

"ಅವಳು ಮಾಡ್ತಿರೋ ಕೆಲಸ ಕಂಡು ನಿಮಗೆ ಹೊಟ್ಟೆಕಿಚ್ಚು ಅಂತ ನನಗೆ ಮೊದಲಿಂದ ಗೊತ್ತು. ನಗಾಡಿದೆ, ಅಷ್ಟೇ ಅನ್ಕೊಂಡೆ. ಒಂದು ಮಾತು ಕೇಳ್ತೀನಿ. ಮದುವೆಯಾದಾಗಿನಿಂದ ಬೆಳಿಗ್ಗೆ ಎದ್ದು ಆ ಲಾಯಕ್ಕೆ ಓಡ್ತಿದ್ರಿ. ನಿಮ್ಮ ಮಗ ಮೊದಲ ಸಲ ಸ್ಕೂಲಿಗೆ ಹೋದ ದಿನ ತುಂಟಿಗೆ ಕೆಮ್ಮು ಅಂತ ಅಲ್ಲೇ ಇದ್ರಿ. ನನಗೆ ಯಾರ ಮೇಲೆ ಹೊಟ್ಟೆ ಉರಿದಿರಬೇಕು, ಒಂದು ದಿನ ಯೋಚನೆ ಮಾಡಿದ್ರಾ?"

"ಇಲ್ಲ."

"ಒಂದು ಕುದುರೆ ಮೇಲೆ. ನಾಲ್ಕು ಕಾಲಿನ ಪ್ರಾಣಿ ಮೇಲೆ. ಯಾರಿಗಾದ್ರೂ ಹೇಳಿದ್ರೆ ನಗ್ತಾರೆ ಅಂತ ಮಿಷನ್ ತುಳ್ಕೊಂಡು ಕೂತೆ. ಆದರೆ ನಾನು ಹೋಗಿ ಅದಕ್ಕೆ ವಿಷ ಹಾಕ್ಲಿಲ್ಲ."

"ನಾನು ವಿಷ ಹಾಕ್ಲಿಲ್ಲ ಕಣೇ. ಪ್ರೀತಿಗೆ ಕೊಟ್ಟೆ."

"ಪ್ರೀತಿಗೆ ಕೊಟ್ಟಿದ್ರೆ ಅವಳ ಎದುರಿಗೇ ಕೊಡ್ತಿದ್ರಿ."

ಹೆಂಡತಿ ಪ್ಯಾಂಟು ಎತ್ತಿಕೊಂಡು ಹೋದಳು. ಸ್ವಲ್ಪ ಹೊತ್ತಿನ ಮೇಲೆ ಮಿಷನ್ ಸದ್ದು ಕೇಳಿಸಿತು. ಅವನ ಮೂರು ಪ್ಯಾಂಟು, ನಾಲ್ಕು ಅಂಗಿಗಳ ಜೇಬುಗಳನ್ನು ಅವಳು ಬಾಯಿ ಸೇರಿಸಿ ಹೊಲಿದುಬಿಟ್ಟಿದ್ದಳು. ಆಮೇಲೆ ಮೂರು ತಿಂಗಳು ಅವನು ಬಸ್ಸಿನ ಚೀಟಿಯನ್ನು ಕೈಯಲ್ಲೇ ಹಿಡಿದುಕೊಂಡು ಓಡಾಡಬೇಕಾಯಿತು.

ಶನಿವಾರ ಬೆಳಿಗ್ಗೆ ಡಾಕ್ಟರು ಬರುವ ಹೊತ್ತಿಗೆ ಲಗಾಮಣ್ಣ ಲಾಯದಲ್ಲಿದ್ದ. ಮೇಡಂ ಇದ್ದರು, ಸೊಸೆ ತುಂಟಿಯ ಗೂಡಿಗೆ ಮೊಣಕಾಲುದ್ದ ಮರದ ಹೊಟ್ಟು ಸುರಿಯುತ್ತಿದ್ದಳು. ದಾರಿಯುದ್ದಕ್ಕೂ ಒಂದು ಉದ್ದದ ಮಾತು ಕಟ್ಟಿಕೊಂಡು ಬಂದಿದ್ದ. ಬಾಯಿ ತೆರೆದಾಗ ಹೊರಟದ್ದು ಇಷ್ಟೇ: "ಸಿಹಿಕಾಳು ಕೊಟ್ಟವನು ನಾನು. ಜೀನಿನ ಕೋಣೆ ಬಾಗಿಲಿಂದ ತಗೊಂಡೆ. ಅವಳ ತಪ್ಪು ಏನೂ ಇಲ್ಲ."

ಸೊಸೆ ಹೊಟ್ಟಿನ ಚೀಲ ಕೆಳಗಿಟ್ಟಳು. ಅವಳು ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಎಂದು ಅವನು ಕಾದ. ಅವಳು ಕೇಳಿದ್ದು ಬೇರೆ.

"ಎಷ್ಟು ಕೊಟ್ರಿ?"

"ಗೊತ್ತಿಲ್ಲ. ಮುಷ್ಟಿ..."

"ಮುಷ್ಟಿ ಲೆಕ್ಕದಲ್ಲೇ ಹೇಳಿ. ಯಾವತ್ತಿಂದ? ದಿನಕ್ಕೆ ಎಷ್ಟು ಸಲ? ಡಾಕ್ಟ್ರಿಗೆ ಬೇಕು."

ಪುಸ್ತಕ ತೆಗೆದು ಅವನು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಸಕ್ಕರೆ ಅಚ್ಚುಗಳನ್ನೂ ಸೇರಿಸಿ ಹೇಳು ಎಂದು ಅವನ ಮನಸ್ಸು ಒತ್ತಾಯಿಸಿತು, ಹೇಳಿದ. ಬರೆದು ಮುಗಿಸಿ ಹಾಳೆಯನ್ನು ಡಾಕ್ಟರ ಕೈಗೆ ಕೊಟ್ಟು ಮತ್ತೆ ಹೊಟ್ಟು ಸುರಿಯಲು ಹೋದಳು. ಮೇಡಂ ಅವನ ಹತ್ತಿರ ಬಂದು, "ಲಗಾಮಣ್ಣ, ನೀವು ಇನ್ನು ಈ ಅಂಗಳಕ್ಕೆ ಬರಬೇಡಿ" ಎಂದರು. ಮೂವತ್ತೊಂದು ವರ್ಷದ ಮೇಲೆ ಒಂದೇ ವಾಕ್ಯ. ಅವನು ಹೆಗಲ ಮೇಲಿದ್ದ ಲಗಾಮನ್ನು ಮೊಳೆಗೆ ಹಾಕಿ ಹೊರಟ.

ಸೊಸೆಯ ಕೆಲಸ ಉಳಿಯಿತು. ಮನೆಯಲ್ಲಿ ಅವಳು ಅವನೊಡನೆ ಜಗಳ ಆಡಲಿಲ್ಲ, ಮಾತೂ ಆಡಲಿಲ್ಲ. "ಊಟ ಬಡಿಸಿದೆ", "ನೀರು ಬಿಸಿಯಾಗಿದೆ", ಅಷ್ಟೇ. ಮಾವ ಅನ್ನೋ ಪದ ಅವಳ ಬಾಯಿಂದ ಬಿದ್ದುಹೋಯಿತು. ಮಗ ಊರಿಗೆ ಬಂದವನು ವಿಷಯ ತಿಳಿದು ಅಪ್ಪನ ಮುಖ ನೋಡಿ, ನೋಡಿ, "ಒಂದು ಕುದುರೆಗೋಸ್ಕರ ಏನಪ್ಪ ಇದೆಲ್ಲ" ಎಂದು ಲಾರಿ ಹತ್ತಿದ. ತುಂಟಿಯ ಸುದ್ದಿ ಲಗಾಮಣ್ಣನಿಗೆ ಸಿಗುತ್ತಿದ್ದದ್ದು ಅತ್ತೆ ಸೊಸೆ ಮಿಷನ್ನಿನ ಹತ್ತಿರ ಮೆಲ್ಲಗೆ ಮಾತಾಡಿಕೊಂಡಾಗ, ಬಾಗಿಲ ಈಚೆ ನಿಂತು ಕದ್ದು ಕೇಳಿ. ಮೂರನೇ ವಾರ ಮಲಗಿದವಳು ತಾನೇ ಎದ್ದು ನಿಂತಳಂತೆ. ಐದನೇ ವಾರ ಗೂಡಿನೊಳಗೇ ಹತ್ತು ಹೆಜ್ಜೆ ನಡೆದಳಂತೆ. ಸೊಸೆ ಊಟ ಕೊಡದೆ ಬೇರೆಯವರು ಕೊಟ್ಟರೆ ಮುಟ್ಟುವುದಿಲ್ಲವಂತೆ. ಆ ಕೊನೆಯದನ್ನು ಕೇಳಿ ಅವನ ಹೊಟ್ಟೆಯಲ್ಲಿ ಹಳೆಯ ಹುಣಸೆಹಣ್ಣು ಮತ್ತೆ ಹುಳಿ ಬಿಟ್ಟಿತು. ಇಷ್ಟೆಲ್ಲ ಆದ ಮೇಲೂ. ಮನುಷ್ಯ ಇಷ್ಟೇನೇ ಎಂದು ತನ್ನನ್ನು ತಾನೇ ಬೈದುಕೊಂಡ, ಆದರೂ ಹುಳಿ ಇಳಿಯಲಿಲ್ಲ.

ಹತ್ತನೇ ವಾರ ಒಂದು ಬೆಳಿಗ್ಗೆ ಸೊಸೆ ಚಪ್ಪಲಿ ಹಾಕಿಕೊಳ್ಳುತ್ತಾ, ಅವನ ಕಡೆ ನೋಡದೆ ಹೇಳಿದಳು: "ಇವತ್ತು ಲಾಳ ಕಟ್ಟುವವರು ಬರ್ತಾರೆ. ತುಂಟಿ ಗೊರಸು ಕೆತ್ತಬೇಕು. ಒಂದು ಕಾಲು ಎತ್ತಿದ್ರೆ ಇನ್ನೊಂದರ ಮೇಲೆ ಭಾರ ಬಿದ್ದು ನಡುಗ್ತಾಳೆ, ನಿಲ್ಲಲ್ಲ. ಅವಳಿಗೆ ಒರಗಿಕೊಳ್ಳೋದಕ್ಕೆ ಒಬ್ಬರು ಬೇಕು. ಮುಂಚೆ ನಿಮ್ಮ ಮೇಲೆ ಒರಗ್ತಿದ್ಲಂತೆ, ಲಾಳದವರು ಹೇಳಿದ್ರು."

"ಮೇಡಂ?"

"ಕೇಳಿದ್ದೀನಿ. ಜವಾಬ್ದಾರಿ ನಿನ್ನದು ಅಂದ್ರು."

ಎರಡು ಗಂಟೆ ನಿಂತ ಲಗಾಮಣ್ಣ. ತುಂಟಿ ತನ್ನ ಎದೆಯ ಭಾರವನ್ನೆಲ್ಲ ಅವನ ಹೆಗಲಿಗೆ ಕೊಟ್ಟಳು, ಅವನು ಅದನ್ನು ಎಡಗಾಲಿಗೆ ಕೊಟ್ಟ, ಎಡಗಾಲು ಸಾಕಾದಾಗ ಕೆಟ್ಟ ಮಂಡಿಗೂ ಕೊಟ್ಟ. ಮಂಡಿಯೊಳಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಗೊರಸಿನ ಸುತ್ತ ನೋವಿನ ಒಂದೊಂದು ವಾರವೂ ಒಂದೊಂದು ಬಳೆಯ ಹಾಗೆ ಉಬ್ಬಿ ಕೂತಿತ್ತು, ಲಾಳದವನು ಒಂದೊಂದನ್ನೂ ನಿಧಾನಕ್ಕೆ ಕೆತ್ತಿದ. ಅಷ್ಟು ಹೊತ್ತೂ ತುಂಟಿಯ ಕಣ್ಣು, ಕಿವಿ ಎರಡೂ ತಲೆಯ ಹತ್ತಿರ ನಿಂತಿದ್ದ ಸೊಸೆಯ ಮೇಲೆ. ಮೈ ಭಾರ ಇವನಿಗೆ, ನೋಟ ಅವಳಿಗೆ. ಲಗಾಮಣ್ಣ ಕುದುರೆಯ ಬೆವರಿನ ವಾಸನೆಯಲ್ಲಿ ಮುಖ ಹುದುಗಿಸಿಕೊಂಡು ಹೊಟ್ಟೆಕಿಚ್ಚಿನಲ್ಲೇ ನಿಂತಿದ್ದ. ಆದರೆ ನಿಂತಿದ್ದ.

ಅವತ್ತಿನಿಂದ ವಾರಕ್ಕೆ ಎರಡು ದಿನ ಬರಲು ಮೇಡಂ ಒಪ್ಪಿದರು. ಸೊಸೆ ಏನು ಹೇಳುತ್ತಾಳೋ ಅದು, ಅಷ್ಟು ಮಾತ್ರ. ಅವನು ಹುಲ್ಲು ನೆನೆಸಿದ, ಹೊಟ್ಟು ಬದಲಾಯಿಸಿದ, ಗೊರಸಿನ ಬಿಸಿ ನೋಡಿ ಅವಳಿಗೆ ವರದಿ ಒಪ್ಪಿಸಿದ. ತುಂಟಿ ಮತ್ತೆ ಸವಾರಿಗೆ ಬರಲಿಲ್ಲ, ಆದರೆ ಬೇಲಿಯವರೆಗೆ ನಡೆದು ಬಿಸಿಲಿಗೆ ನಿಲ್ಲುವಷ್ಟಾದಳು. ಒಂದು ದಿನ, ಯಾವ ಗಳಿಗೆಯಲ್ಲೋ, "ಮಾವ, ಆ ಬಕೆಟ್ಟು ಈ ಕಡೆ ಕೊಡಿ" ಎಂದಳು ಸೊಸೆ. ಕೊಟ್ಟ.

ಚಳಿಗಾಲದ ಹೊತ್ತಿಗೆ ಶಾಲೆಗೆ ಒಂದು ಹೊಸ ಕುದುರೆ ಬಂತು. ಐದು ವರ್ಷದ್ದು, ಬಿಳಿ, ನೆಲ ಮುಟ್ಟದೆ ಓಡುವಂಥದ್ದು. ಅದನ್ನು ಪಳಗಿಸುವ ಕೆಲಸ ಸೊಸೆಗೆ ಬಿತ್ತು. ಬೆಳಗಿನ ಹೊತ್ತೆಲ್ಲ ಅವಳು ಉದ್ದನೆ ಹಗ್ಗ ಹಿಡಿದು ಮೈದಾನದ ನಡುವೆ, ಅದು ಅವಳ ಸುತ್ತ. ತುಂಟಿ ಬೇಲಿಯ ಈಚೆ ನಿಂತು ನೋಡಿದಳು. ಎರಡನೇ ದಿನ ಹುಲ್ಲು ಬಿಟ್ಟಳು. ಮೂರನೇ ದಿನ ಬಿಳಿ ಕುದುರೆ ಬೇಲಿಯ ಹತ್ತಿರ ಬಂದಾಗ ಕಿವಿ ಹಿಂದಕ್ಕೆ ಮಲಗಿಸಿ, ಇದ್ದ ನಾಲ್ಕು ಹಲ್ಲು ತೋರಿಸಿದಳು.

ಪಕ್ಕದಲ್ಲೇ ನಿಂತಿದ್ದ ಲಗಾಮಣ್ಣನಿಗೆ ಆ ಮುಖ ಹೊಸದಲ್ಲ. ಕನ್ನಡಿಯಲ್ಲಿ ಎಷ್ಟೋ ಸಲ ಕಂಡದ್ದು. ಅವನಿಗೆ ನಗು ಬಂತು, ಆಮೇಲೆ ನಗು ನಿಂತಿತು. ಬೇಲಿಯ ಮೇಲೆ ಕೈ ಊರಿ, ಅವಳ 'ಹುಲ್ಲು ಮುಟ್ಟಲ್ಲ' ಎನ್ನುವ ಹಟವನ್ನು ಸ್ವಲ್ಪ ಹೊತ್ತು ನೋಡಿದ. ತಾನು ತಿನ್ನಿಸಿದರೆ ತಿಂದರೂ ತಿಂದಾಳು. ಸೊಸೆ ಹೇಗೂ ದೂರ ಇದ್ದಾಳೆ, ಅವಳ ಬೆನ್ನು ಈ ಕಡೆ. ಮತ್ತೆ ತನ್ನವಳನ್ನಾಗಿ ಮಾಡಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಗೇಟು ತೆಗೆದು ಮೈದಾನದೊಳಗೆ ಹೋದ. ಕುಂಟುತ್ತಾ ಅಷ್ಟು ದೂರ ನಡೆದು, ಸೊಸೆಯ ಹತ್ತಿರ ನಿಂತು ಉಸಿರು ಸುಧಾರಿಸಿಕೊಂಡ.

"ಈ ಹಗ್ಗ ಇಲ್ಲಿ ಕೊಡು. ನೀನು ಹೋಗು."

"ಯಾಕೆ ಮಾವ? ಏನಾಯ್ತು? ಕಾಲು ಮತ್ತೆ ಬಿಸಿಯಾಯ್ತಾ?"

"ಕಾಲು ತಣ್ಣಗಿದೆ. ನಿನ್ನ ಮುದುಕಿ ಮೂರು ದಿನದಿಂದ ಸಿಟ್ಟು ಮಾಡ್ಕೊಂಡಿದ್ದಾಳೆ. ನೀನು ಹೋಗಿ ಮಾತಾಡಿಸದೆ ಅವಳು ಹುಲ್ಲು ಮುಟ್ಟಲ್ಲ."

ಸೊಸೆ ಹಗ್ಗವನ್ನು ಅವನ ಕೈಗೆ ಕೊಟ್ಟು ಬೇಲಿಯ ಕಡೆ ಬೇಗ ಬೇಗ ನಡೆದಳು. ತುಂಟಿ ಕೆನೆದದ್ದು ಮೈದಾನದ ಈ ತುದಿಗೂ ಕೇಳಿಸಿತು. ಲಗಾಮಣ್ಣ ಅತ್ತ ತಿರುಗಲಿಲ್ಲ. ಬಿಳಿ ಕುದುರೆಗೆ ಹಗ್ಗ ಸಡಿಲ ಬಿಟ್ಟು, "ಹೂಂ, ನಡಿ" ಎಂದ.